ಎರಡು ಅಡಿ ಟ್ಯಾಂಕ್, ಬೋರ್ ನೀರು, ಕಲಬುರಗಿ ಬಿಸಿಲು: ಯಾವ ಯಾವ ಮೀನು ಕೂಡಿಸಿ ಇಡಬಹುದು?

ಹೊಸ_ಮೀನುಮನೆ
ಎಲ್ಲರಿಗೂ ನಮಸ್ಕಾರ. ಜೇವರ್ಗಿ ರಸ್ತೆ ಕಡೆ ನಮ್ಮ ಮನೆ. ಮೈದುನ ವರ್ಗ ಆಗಿ ಬೆಂಗಳೂರಿಗೆ ಹೋಗುವಾಗ ತನ್ನ ಗಾಜಿನ ಟ್ಯಾಂಕ್ ನಮ್ಮಲ್ಲಿ ಬಿಟ್ಟು ಹೋದ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಮೀನು ಯಾವಾಗ ತರೋದು ಅಂತ ಮಕ್ಕಳು ದಿನಾ ತಲೆ ತಿನ್ನುತ್ತಿದ್ದಾರೆ.

ಅಂಗಡಿಯವರು ಬರೆದುಕೊಟ್ಟ ಚೀಟಿ ಇದು: ಗೋಲ್ಡ್ ಫಿಶ್ 2, ಏಂಜಲ್ 2, ನಿಯಾನ್ ಟೆಟ್ರಾ 6, ಟೈಗರ್ ಬಾರ್ಬ್ 4, ಫೈಟರ್ 1, ಕೆಳಗೆ ಕ್ಲೀನ್ ಮಾಡಲಿಕ್ಕೆ ಸಕ್ಕರ್ 1. "ಎಲ್ಲಾ ಹೊಂದಿಕೊಂಡು ಹೋಗ್ತಾವ್ರಿ ಮೇಡಂ" ಅಂದರು. ಹೌದಾ?

ನೀರು ಬೋರಿನದು. ಬಕೀಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಹೀಟರ್ ಬೇಕಾ? ಇನ್ನೊಂದು ಮಾತು: ಮನೆಯಲ್ಲಿ ಅತ್ತೆಗೆ ಮೀನು ಸತ್ತರೆ ಆಗುವುದಿಲ್ಲ. "ತಂದರೆ ಸಾಕ್ರಿ, ಸಾಯಿಸಬ್ಯಾಡ್ರಿ" ಅಂತ ಮೊದಲೇ ಹೇಳಿದ್ದಾರೆ.

ತೊಗರಿ_ಬ್ಯಾಳಿ
ಹೀಟರ್? ಕಲಬುರಗಿಯಲ್ಲಿ? ಮೇ ತಿಂಗಳ ಮಧ್ಯಾಹ್ನ ನಳ ತಿರುಗಿಸಿ ನೋಡಿ ಅಕ್ಕ, ಚಹಾಕ್ಕೆ ಅರ್ಧ ಗ್ಯಾಸ್ ಉಳಿಯುತ್ತದೆ.

ಗಾಜಿನ_ಕೆರೆ
ಮೊದಲು ಆ ಚೀಟಿ ಹರಿದು ಹಾಕಿ. ಬೇಜಾರಾಗಬೇಡಿ, ಅದರಲ್ಲಿ ಬಹಳಷ್ಟು ಒಂದಕ್ಕೊಂದು ಆಗೋದಿಲ್ಲ.

ಗೋಲ್ಡ್ ಫಿಶ್ ತಣ್ಣೀರಿನ ಮೀನು. ಒಂದು ಗೇಣಿನವರೆಗೂ ಬೆಳೆಯಬಹುದು, ಗಲೀಜು ಬೇರೆ ಜಾಸ್ತಿ. ಏಂಜಲ್ ಅಂಗಡಿಯಲ್ಲಿ ರೂಪಾಯಿ ಬಿಲ್ಲೆ ಅಷ್ಟೇ ಇರುತ್ತದೆ, ಬೆಳೆದ ಮೇಲೆ ಅಂಗೈ ಅಗಲ ಆಗುತ್ತದೆ. ನಿಮ್ಮ ಒಂದು ಅಡಿ ಎತ್ತರ ಅದಕ್ಕೆ ಸಾಲದು. ಬಾಯಲ್ಲಿ ಹಿಡಿಯುವಷ್ಟು ದೊಡ್ಡದಾದ ದಿನ ನಿಯಾನ್‌ಗಳು ಒಂದೊಂದೇ ಕಾಣೆ ಆಗುತ್ತವೆ. ಟೈಗರ್ ಬಾರ್ಬ್‌ಗೆ ಉದ್ದ ರೆಕ್ಕೆ ಕಂಡರೆ ಬಾಯಿ ಸುಮ್ಮನಿರೋದಿಲ್ಲ. ಏಂಜಲ್ ಮತ್ತು ಫೈಟರ್ ಎರಡಕ್ಕೂ ಉದ್ದ ರೆಕ್ಕೆ. ಫೈಟರ್‌ಗೆ ಬಣ್ಣದ ಬಾಲದ ಯಾರನ್ನು ಕಂಡರೂ ಸಿಟ್ಟು. ಸಕ್ಕರ್ ಬಗ್ಗೆ ಆಮೇಲೆ ಬರೆಯುತ್ತೇನೆ, ಅದು ದೊಡ್ಡ ಕಥೆ.

ನಿಮ್ಮ ಟ್ಯಾಂಕ್ ಲೆಕ್ಕಕ್ಕೆ ಸುಮಾರು 56 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 45 ಸಿಗಬಹುದು.

ಸೇಡಂ_ರೋಡ್
ಒಂದು ತಿದ್ದುಪಡಿ. ಟೈಗರ್ ಬಾರ್ಬ್ ನಾಲ್ಕೇ ಇಟ್ಟರೆ ಕಾಟ ಜಾಸ್ತಿ. ಎಂಟು ಹತ್ತು ಇಟ್ಟರೆ ತಮ್ಮತಮ್ಮಲ್ಲೇ ಗುದ್ದಾಡಿಕೊಂಡು ಉಳಿದವರ ತಂಟೆಗೆ ಅಷ್ಟು ಹೋಗೋದಿಲ್ಲ. ಪಾಪ, ಅವಕ್ಕೂ ಕೆಟ್ಟ ಹೆಸರು.

ಗಾಜಿನ_ಕೆರೆ
ಒಪ್ಪಿದೆ. ಆದರೆ ಎಂಟು ಟೈಗರ್ ಬಾರ್ಬ್ ಬಿಟ್ಟ ಮೇಲೆ ಈ ಟ್ಯಾಂಕಲ್ಲಿ ಬೇರೆ ಯಾರಿಗೆ ಜಾಗ ಇದೆ ಸರ್?

ನೀಲಿ_ಬಾಲ
ಫೈಟರ್ ಬಗ್ಗೆ ಹಾಗೆ ಮಾತಾಡಬೇಡಿ. ನಮ್ಮ ಊರಿಗೆ ಅದಕ್ಕಿಂತ ಗಟ್ಟಿ ಮೀನು ಇಲ್ಲ. ಥಾಯ್ಲೆಂಡಿನ ಗದ್ದೆ ನೀರಿನ ಮೀನು, ಬಿಸಿ ತಡೆಯುತ್ತದೆ. ಮೇಲೆ ಬಂದು ನೇರ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಕರೆಂಟ್ ಹೋಗಿ ಪಂಪ್ ನಿಂತರೂ ಒದ್ದಾಡೋದಿಲ್ಲ. ಒಂದಕ್ಕೆ ಬೇರೆ ಪುಟ್ಟ ಟ್ಯಾಂಕ್, ಹದಿನೈದು ಇಪ್ಪತ್ತು ಲೀಟರ್, ಮೇಲೆ ಮುಚ್ಚಳ. ಸಾಕು, ರಾಜನ ಹಾಗೆ ಇರುತ್ತದೆ.

ತೊಗರಿ_ಬ್ಯಾಳಿ
ರಾಜ ಅಂದರೆ ಒಬ್ಬನೇ ಇರಬೇಕು, ಯಾರ ಜೊತೆಯೂ ಹೊಂದಾಣಿಕೆ ಇಲ್ಲ. ನಮ್ಮ ಆಫೀಸಲ್ಲೂ ಒಬ್ಬರಿದ್ದಾರೆ.

ಮೇಷ್ಟ್ರು_ನಿವೃತ್ತ
ಎಲ್ಲರೂ ಮೀನಿನ ಸ್ವಭಾವದ ಮೇಲೇ ಕೂತಿದ್ದೀರಿ. ಅಮ್ಮ ಬರೆದ ಮುಖ್ಯ ಮಾತು "ಬಿಳಿ ಪೊರೆ". ಹೊಂದಾಣಿಕೆ ಅಂದರೆ ಮೀನಿಗೂ ಮೀನಿಗೂ ನಡುವಿನದಷ್ಟೇ ಅಲ್ಲ. ಮೊದಲು ಮೀನಿಗೂ ನೀರಿಗೂ ಆಗಬೇಕು.

ನಮ್ಮ ಜಿಲ್ಲೆಯಲ್ಲಿ ಸುಣ್ಣಕಲ್ಲು ಬಹಳ. ಶಹಾಬಾದ್ ಪರಸಿ (ಹಾಸುಗಲ್ಲು), ವಾಡಿಯ ಸಿಮೆಂಟ್, ಸೇಡಂ ಸಿಮೆಂಟ್ ಎಲ್ಲವೂ ಅದರಿಂದಲೇ. ನಿಮ್ಮ ಬೋರಿನ ನೀರೂ ಕಲ್ಲಿನ ಸಂದಿಯಲ್ಲಿ ಇಳಿದು ಬಂದದ್ದು. ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರು, ಪಿಎಚ್ (ಹುಳಿ-ಕ್ಷಾರದ ಅಳತೆ, 7ರ ಕೆಳಗೆ ಹುಳಿ) ಕೂಡ 7ರ ಮೇಲೆ. ನಿಯಾನ್ ಟೆಟ್ರಾ ಅಮೆಜಾನ್ ಕಾಡಿನ ತೊರೆಗಳದು. ಅಲ್ಲಿಯ ನೀರು ಮೆತ್ತಗೆ, ಸ್ವಲ್ಪ ಹುಳಿ. ಅದನ್ನು ತಂದು ನಮ್ಮ ಬೋರ್ ನೀರಿಗೆ ಬಿಟ್ಟರೆ ಉಪವಾಸದವರಿಗೆ ಮಿರ್ಚಿ ಭಜಿ ಇಟ್ಟ ಹಾಗೆ. ಗಪ್ಪಿ, ಪ್ಲಾಟಿ, ಮೋಲಿ, ಸ್ವೋರ್ಡ್‌ಟೇಲ್ ಈ ನಾಲ್ಕೂ ಮರಿ ಹಾಕುವ ಜಾತಿ. ಇವಕ್ಕೆ ಗಡಸು ನೀರೇ ಇಷ್ಟ. ದೇವರೇ ಕಲಬುರಗಿಗೆ ಅಂತ ಮಾಡಿದ ಮೀನು ಇವು.

ಬೀದರ್_ಕೋಟೆ
ಮೇಷ್ಟ್ರೇ, ಅದು ನಿಮ್ಮ ಕಡೆಯ ಮಾತು. ಬೀದರ ನೆಲ ಕೆಂಪು ಜಂಬಿಟ್ಟಿಗೆ. ಬಹಮನಿ ಕಾಲದ ಕರೇಜ್, ಅಂದರೆ ನೆಲದೊಳಗಿನ ನೀರಿನ ಕಾಲುವೆ, ತೋಡಿದ್ದೂ ಅದೇ ಕಲ್ಲಿನಲ್ಲಿ. ನಮ್ಮ ಬಾವಿ ನೀರಿನ ಬಕೀಟಿಗೆ ಪೊರೆ ಕಟ್ಟೋದಿಲ್ಲ. ನಮ್ಮಲ್ಲಿ ನಿಯಾನ್ ಆರಾಮಾಗಿ ಇವೆ, ಬಿಸಿಲೂ ನಿಮಗಿಂತ ಎರಡು ಮೂರು ಡಿಗ್ರಿ ಕಮ್ಮಿ.

ಸೇಡಂ_ರೋಡ್
ಬೀದರದವರು ಎಲ್ಲಿ ಹೋದರೂ ಹವಾ ಬಗ್ಗೆ ಜಂಬ ಕೊಚ್ಚದೇ ಬಿಡೋದಿಲ್ಲ.

ಬೀದರ್_ಕೋಟೆ
ಇದ್ದದ್ದು ಹೇಳಿದರೆ ಜಂಬನಾ? ಡಿಸೆಂಬರಲ್ಲಿ ಹೀಟರ್ ಹಾಕುವವರು ನಾವೇ, ಅದನ್ನೂ ಬರೆದುಕೊಳ್ಳಿ.

ಹೊಸ_ಮೀನುಮನೆ
ಟಿಡಿಎಸ್ ಮೀಟರ್ ಪಕ್ಕದ ಮನೆಯವರ ಹತ್ತಿರ ಇತ್ತು. 870 ತೋರಿಸಿತು. ಅಂದರೆ ಗಡಸು ಅಷ್ಟಿದೆಯಾ?

ಮೇಷ್ಟ್ರು_ನಿವೃತ್ತ
ಇಲ್ಲಮ್ಮ, ಅದು ಬೇರೆ ಇದು ಬೇರೆ. ಟಿಡಿಎಸ್ ಅಂದರೆ ನೀರಲ್ಲಿ ಕರಗಿದ ಎಲ್ಲಾ ಲವಣ ಸೇರಿ. ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾತ್ರ. ಅದಕ್ಕೆ ಹನಿ ಹಾಕಿ ನೋಡುವ ಕಿಟ್ ಸಿಗುತ್ತದೆ. ಆದರೂ ಪೊರೆ ಮತ್ತು 870 ಎರಡೂ ಸೇರಿದರೆ ಅನುಮಾನ ಇಟ್ಟುಕೊಳ್ಳಬೇಕಾಗಿಲ್ಲ.

ಅಪ್ಪನ_ಕೆರೆ_ಪಕ್ಕ
ಇಷ್ಟೆಲ್ಲ ಯಾಕೆ? ಆರ್‌ಒ ನೀರು ಹಾಕಿ, ನಿಯಾನ್ ಇಡಿ. ನಮ್ಮ ಟ್ಯಾಂಕಲ್ಲಿ ಅದೇ ನಡೀತಿದೆ, ಕೆಂಪು ನೀಲಿ ಗೆರೆ ಏನು ಹೊಳೆಯುತ್ತದೆ ಗೊತ್ತಾ! ಗಪ್ಪಿ ಯಾರು ಬೇಕಾದರೂ ಸಾಕುತ್ತಾರೆ.

ಗಾಜಿನ_ಕೆರೆ
ಯಾರು ಬೇಕಾದರೂ ಸಾಕಬಹುದು ಅನ್ನೋದಕ್ಕೇ ಹೊಸಬರಿಗೆ ಹೇಳುವುದು ಅಣ್ಣ. ಬರೀ ಆರ್‌ಒ ನೀರಲ್ಲಿ ಲವಣವೇ ಇಲ್ಲ, ಪಿಎಚ್ ನಿಲ್ಲೋದಿಲ್ಲ. ಬೋರ್ ನೀರನ್ನು ಅಳತೆ ಮಾಡಿ ಬೆರೆಸಬೇಕು, ಪ್ರತಿ ವಾರ ಅದೇ ಅಳತೆ. ಮಷೀನ್ ಕೆಟ್ಟ ವಾರ ಏನು ಮಾಡುತ್ತೀರಿ? ಅದು ಬಿಡಿ, ನಿಯಾನ್‌ಗೆ 26 ಡಿಗ್ರಿ ಮೇಲೆ ಕಷ್ಟ. ಏಪ್ರಿಲಲ್ಲಿ ನಿಮ್ಮ ಟ್ಯಾಂಕ್ ಎಷ್ಟು ತೋರಿಸುತ್ತದೆ?

ಅಪ್ಪನ_ಕೆರೆ_ಪಕ್ಕ
ಆ ರೂಮಿಗೆ ಎಸಿ ಇದೆ.

ತೊಗರಿ_ಬ್ಯಾಳಿ
ಮೀನಿಗೆ ಎಸಿ! ಇಲ್ಲಿ ನಾವು ಕೂಲರಿಗೆ ಕೊಡಪಾನಗಟ್ಟಲೆ ನೀರು ಹೊತ್ತು ಹಾಕುತ್ತಿದ್ದೇವೆ. ಬಿಸಿಲು ಜಾಸ್ತಿ ಅಂತ ಸರ್ಕಾರಿ ಆಫೀಸಿನ ಟೈಮೇ ಏಪ್ರಿಲ್‌ನಲ್ಲಿ ಮುಂಜಾನೆ 8ಕ್ಕೆ ಬದಲಾಗುತ್ತದೆ. ಪ್ಲಾಟಿಗಳೂ ಒಂದು ಅರ್ಜಿ ಹಾಕಲಿ.

ಭೀಮಾ_ದಂಡೆ
ಯಾದಗಿರಿಯಿಂದ. ನಮ್ಮ ಕಡೆ ಮೀನು ಅಂದರೆ ನೇರ ತಟ್ಟೆಗೆ ಬರೋದು, ಅದಕ್ಕೇ ಈ ಚರ್ಚೆ ಓದಲಿಕ್ಕೆ ಮಜಾ ಬರ್ತಿದೆ. ಒಂದು ಕೇಳ್ತೀನಿ: ಆರ್‌ಒ ಮಷೀನಿಂದ ಪೋಲಾಗುವ ನೀರು ಟ್ಯಾಂಕಿಗೆ ಹಾಕಬಹುದಲ್ವಾ? ಸುಮ್ನೆ ಚೆಲ್ಲಿ ಹೋಗುತ್ತದೆ.

ಗಾಜಿನ_ಕೆರೆ
ಬೇಡ! ಮಷೀನ್ ತೆಗೆದ ಲವಣ ಎಲ್ಲ ಸೇರೋದು ಅದರಲ್ಲೇ. ನಿಮ್ಮ ಬೋರಿಗಿಂತ ಗಡಸು. ಬಾತ್‌ರೂಮ್ ತೊಳೆಯಲಿಕ್ಕೆ ಇಟ್ಟುಕೊಳ್ಳಿ.

ಸೇಡಂ_ರೋಡ್
ಬೇಸಿಗೆ ವಿಷಯಕ್ಕೆ ಬರೋಣ, ಇಲ್ಲಿ ಎಲ್ಲರ ಮೀನು ಸಾಯೋದು ಆಗಲೇ. ನೀರು ಬಿಸಿ ಆದಷ್ಟೂ ಅದರಲ್ಲಿ ಆಕ್ಸಿಜನ್ ಕಮ್ಮಿ. ಮೀನಿಗೆ ಮಾತ್ರ ಬಿಸಿಯಲ್ಲಿ ಉಸಿರು ಜಾಸ್ತಿ ಬೇಕು. ಅದೇ ಹೊತ್ತಿಗೆ ಕರೆಂಟ್ ಹೋಗುತ್ತದೆ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಂತರೆ "ಹಸಿವು" ಅಂತ ಮನೆಯವರು ಇನ್ನಷ್ಟು ಕಾಳು ಹಾಕುತ್ತಾರೆ. ಅದು ಹಸಿವಲ್ಲ, ಉಸಿರುಗಟ್ಟಿದ್ದು.

ಮಾಡಬೇಕಾದ್ದು: ಟ್ಯಾಂಕಿನ ಗಾಜಿನ ಮುಚ್ಚಳ ತೆಗೆದು ಜಾಲರಿ ಹಾಕಿ. ಸಣ್ಣ ಟೇಬಲ್ ಫ್ಯಾನ್ ನೀರಿನ ಮೇಲೆ ಓರೆಯಾಗಿ ತಿರುಗಿಸಿ. ನಮ್ಮದು ಒಣ ಹವಾ, ನೀರು ಬೇಗ ಆರುತ್ತದೆ, ಎರಡು ಮೂರು ಡಿಗ್ರಿ ಖಂಡಿತ ಇಳಿಯುತ್ತದೆ. ಏರ್ ಪಂಪನ್ನು ಇನ್ವರ್ಟರ್ ಲೈನಿಗೆ ಕೊಡಿ, ನಾಲ್ಕೈದು ವ್ಯಾಟ್ ಅಷ್ಟೇ. ಐಸ್ ಗಡ್ಡೆ ನೀರಿಗೆ ಹಾಕಬೇಡಿ. ಒಮ್ಮೆಲೇ ತಣ್ಣಗಾದರೆ ಬಿಸಿಗಿಂತ ಬೇಗ ಹೋಗುತ್ತವೆ.

ಮೇಷ್ಟ್ರು_ನಿವೃತ್ತ
ಸೇಡಂ ರೋಡ್ ಅವರ ಮಾತಿಗೆ ಒಂದು ಬಾಲ. ಆರಿ ಹೋಗೋದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತದೆ. ಮತ್ತೆ ಮತ್ತೆ ಬೋರ್ ನೀರೇ ತುಂಬಿಸಿದರೆ ಬೇಸಿಗೆ ಮುಗಿಯುವಾಗ ಟ್ಯಾಂಕ್ ನೀರು ಬೋರಿಗಿಂತ ಗಡಸು ಆಗಿರುತ್ತದೆ. ಆರಿದಷ್ಟನ್ನು ಆರ್‌ಒ ನೀರಿಂದ ತುಂಬಿ, ವಾರಕ್ಕೊಮ್ಮೆ ಕಾಲು ಭಾಗ ತೆಗೆದು ಬೋರ್ ನೀರು ಹಾಕಿ.

ಇನ್ನೊಂದು ಅಪಾಯ. ಮೀನಿನ ಹೊಲಸಿಂದ ಅಮೋನಿಯಾ ಬರುತ್ತದೆ. ಪಿಎಚ್ 7ರಲ್ಲಿ ಅದರಲ್ಲಿ ವಿಷದ ಪಾಲು ಬಹಳ ಸಣ್ಣದು. ಪಿಎಚ್ 8 ಆದರೆ ಆ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟು. ಬಿಸಿ ಏರಿದರೆ ಇನ್ನೂ ಜಾಸ್ತಿ. ಮೆತ್ತನೆ ನೀರಿನ ಊರಲ್ಲಿ ನಡೆದುಹೋಗುವ ಗಲೀಜು ನಮ್ಮಲ್ಲಿ ನಡೆಯೋದಿಲ್ಲ. ಆದ್ದರಿಂದ ನಮ್ಮ ಊರಿನವರು ಮೀನು ಕಮ್ಮಿ ಇಡಬೇಕು. ಅಂಗಡಿಯವರು ಅದನ್ನು ಹೇಳೋದಿಲ್ಲ.

ಹೊಸ_ಮೀನುಮನೆ
ಎಷ್ಟೊಂದು ವಿಷಯ! ಮಕ್ಕಳು ಟೆರೇಸ್ ಮೇಲಿದ್ದ ಪರಸಿ ಚೂರು ತಂದು ಟ್ಯಾಂಕಲ್ಲಿ ಗುಹೆ ಕಟ್ಟಿದ್ದಾರೆ. ಅದು ಇರಬಹುದಾ?

ಗಾಜಿನ_ಕೆರೆ
ಲಿಂಬಿಹಣ್ಣಿನ ಪರೀಕ್ಷೆ ಮಾಡಿ. ಕಲ್ಲಿನ ಒಂದು ಮೂಲೆ ಮೊಳೆಯಿಂದ ಕೆರೆದು, ಆ ಪುಡಿ ಮೇಲೆ ನಾಲ್ಕು ಹನಿ ರಸ ಹಿಂಡಿ.

ಹೊಸ_ಮೀನುಮನೆ
ಮಾಡಿದೆ! ಕೆರೆದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಎದ್ದವು. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚರ್ ಅಂತಿತ್ತು. ರಸ ಬೆಳ್ಳಗಾಯಿತು. ಮಗ ಊಟ ಬಿಟ್ಟು ಮನೆಯ ಎಲ್ಲಾ ಕಲ್ಲಿಗೂ ರಸ ಹಿಂಡಿದ, ರುಬ್ಬುವ ಕಲ್ಲಿಗೂ. ಅದು ಏನೂ ಆಗಲಿಲ್ಲ. ಅತ್ತೆ ಬೈದರು.

ಮೇಷ್ಟ್ರು_ನಿವೃತ್ತ
ಭೇಷ್! ಗುಳ್ಳೆ ಬಂತು ಅಂದರೆ ಸುಣ್ಣಕಲ್ಲು, ಹುಳಿ ತಾಗಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಬಿಟ್ಟಿತು. ರುಬ್ಬುವ ಕಲ್ಲು ಬೇರೆ ಜಾತಿ. ಹುಡುಗನನ್ನು ವಿಜ್ಞಾನಕ್ಕೆ ಹಾಕಿ.

ಸೇಡಂ_ರೋಡ್
ಹಾಗಾದರೆ ಪರಸಿ ತೆಗೆಯಬೇಕು.

ಗಾಜಿನ_ಕೆರೆ
ಪ್ಲಾಟಿ, ಗಪ್ಪಿ ಇಡುವುದಾದರೆ ಬೇಕಾಗಿಲ್ಲ. ನೀರೇ ಗಡಸು ಇರುವಾಗ ಪರಸಿ ಹೊಸದಾಗಿ ಕೆಡಿಸೋದು ಏನೂ ಇಲ್ಲ. ಚೂಪು ಅಂಚು ಮಾತ್ರ ಉಜ್ಜಿ ನುಣ್ಣಗೆ ಮಾಡಿ, ಜಾರಿ ಗಾಜಿಗೆ ಬಡಿಯದ ಹಾಗೆ ಕೂಡಿಸಿ. ನಿಯಾನ್ ಬೇಕೇ ಬೇಕು ಅಂದರೆ ಮೊದಲು ಪರಸಿ ಹೊರಗೆ.

ಟ್ಯಾಂಕ್ ಎಲ್ಲಿಟ್ಟಿದ್ದೀರಿ? ತುಂಬಿದ ಮೇಲೆ ಗಾಜು, ಮರಳು ಸೇರಿ 70 ಕಿಲೋ ದಾಟುತ್ತದೆ. ಪ್ಲೈವುಡ್ ಟಿವಿ ಸ್ಟ್ಯಾಂಡ್ ನಡುವೆ ಬಾಗುತ್ತದೆ.

ಹೊಸ_ಮೀನುಮನೆ
ಟಿವಿ ಸ್ಟ್ಯಾಂಡ್ ಮೇಲೇ ಇಡಬೇಕು ಅಂತಿದ್ದೆ 😬 ಅಡುಗೆಮನೆ ಪಕ್ಕದ ಕಟ್ಟೆ ಮೇಲೆ ಇಡುತ್ತೇನೆ.

ನೀಲಿ_ಬಾಲ
ಈಶಾನ್ಯ ಮೂಲೆ ಒಳ್ಳೆಯದು ಅಂತಾರೆ.

ತೊಗರಿ_ಬ್ಯಾಳಿ
ಈಶಾನ್ಯದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನೈಋತ್ಯವೇ ವಾಸಿ.

ನೀಲಿ_ಬಾಲ
ನಂಬುವವರು ನಂಬಲಿ ಬಿಡ್ರಿ. ಎಲ್ಲದಕ್ಕೂ ತಮಾಷೆ ಯಾಕೆ?

ಗಾಜಿನ_ಕೆರೆ
ಬಿಸಿಲು ನೇರ ಬೀಳದ ಜಾಗ ಯಾವ ದಿಕ್ಕಾದರೂ ಸರಿ. ಬಿಸಿಲು ಬಿದ್ದರೆ ಗಾಜು ಹಸಿರು ಪಾಚಿ.

ಈಗ ಸಕ್ಕರ್ ಕಥೆ. ಅಂಗಡಿಯಲ್ಲಿ ಬೆರಳುದ್ದ, ಗಾಜಿಗೆ ಬಾಯಿ ಅಂಟಿಸಿಕೊಂಡು ಸಾಧು ಹಾಗೆ ಕಾಣುತ್ತದೆ. ಬೆಳೆದರೆ ಒಂದು ಅಡಿ ದಾಟುತ್ತದೆ, ನಿಮ್ಮ ಟ್ಯಾಂಕಲ್ಲಿ ತಿರುಗಲಿಕ್ಕೂ ಆಗೋದಿಲ್ಲ. ಅದು ಕ್ಲೀನ್ ಮಾಡೋದಕ್ಕಿಂತ ಗಲೀಜು ಮಾಡೋದೇ ಜಾಸ್ತಿ. ರಾತ್ರಿ ಹೊತ್ತು ಗೋಲ್ಡ್ ಫಿಶ್ ಪಕ್ಕೆಗೆ ಅಂಟಿ ಲೋಳೆ ಹೀರುತ್ತದೆ, ಅಲ್ಲಿ ಗಾಯ. ಆಮೇಲೆ ಜನ "ಪಾಪ, ಕೊಲ್ಲೋದು ಯಾಕೆ" ಅಂತ ಕೆರೆಗೆ ಬಿಡುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆಂಧ್ರ, ತೆಲಂಗಾಣದ ಕೆರೆಗಳಲ್ಲಿ ಇದೇ ತುಂಬಿ "ದೆವ್ವದ ಮೀನು" ಅಂತ ಹೆಸರು ಬಿದ್ದಿದೆ. ಮೈ ಮುಳ್ಳು, ಬಲೆ ಹರಿಯುತ್ತದೆ, ತಿನ್ನುವವರು ಯಾರೂ ಇಲ್ಲ.

ಭೀಮಾ_ದಂಡೆ
ಹೌದ್ರಿ, ನಮ್ಮ ಭೀಮಾ ಹೊಳೆಯ ಉಜನಿ ಅಣೆಕಟ್ಟಿನ ಹಿನ್ನೀರಲ್ಲೂ ಅದರದೇ ಕಾಟ ಅಂತ ಸೊಲ್ಲಾಪುರದ ಬೀಗರು ಹೇಳ್ತಾರೆ. ನಗಲಿಕ್ಕೆ ಬಂದವನು ನಾನು, ಈ ವಿಷಯಕ್ಕೆ ಮಾತ್ರ ಸಿಟ್ಟು ಬರುತ್ತದೆ.

ಅಪ್ಪನ_ಕೆರೆ_ಪಕ್ಕ
ಗಪ್ಪಿ ಬಿಟ್ಟರೆ ಮಾತ್ರ ನಡೆಯುತ್ತದಾ? ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರೇ ತೊಟ್ಟಿ, ಬಾವಿಗೆ ಗಪ್ಪಿ, ಗ್ಯಾಂಬೂಸಿಯಾ ಬಿಡುತ್ತಾರಲ್ಲ.

ಗಾಜಿನ_ಕೆರೆ
ತೊಟ್ಟಿ ಬೇರೆ, ಕೆರೆ ಬೇರೆ. ಕೆರೆಗೆ ಗಪ್ಪಿಯನ್ನೂ ಬಿಡಬೇಡಿ. ಅವೂ ಹೊರಗಿನವೇ, ನಮ್ಮ ಸಣ್ಣ ಮೀನಿನ ಮೊಟ್ಟೆ ಮರಿ ತಿನ್ನುತ್ತವೆ.

ಹೊಸ_ಮೀನುಮನೆ
ಹಾಗಾದರೆ ನಾನು ಏನು ತರಲಿ? ನೇರ ಹೇಳಿ ಪ್ಲೀಸ್.

ಗಾಜಿನ_ಕೆರೆ
ಪ್ಲಾಟಿ ಆರು: ಗಂಡು ಎರಡು, ಹೆಣ್ಣು ನಾಲ್ಕು. ಗಂಡು ಜಾಸ್ತಿ ಆದರೆ ಹೆಣ್ಣುಗಳಿಗೆ ನೆಮ್ಮದಿ ಇರೋದಿಲ್ಲ, ಅಟ್ಟಿಸಿಕೊಂಡೇ ಇರುತ್ತವೆ. ಜೊತೆಗೆ ಝೀಬ್ರಾ ಡೇನಿಯೊ ಆರು. ಅದು ನಮ್ಮ ದೇಶದ್ದೇ ಮೀನು, ಒಂದೂವರೆ ಎರಡು ಇಂಚು, ಮೇಲ್ಭಾಗದಲ್ಲಿ ಓಡಾಡಿಕೊಂಡು ಇರುತ್ತದೆ, ಹವಾಮಾನದ ಏರಿಳಿತಕ್ಕೆ ಹೆದರೋದಿಲ್ಲ. ಒಂದೆರಡೇ ತಂದರೆ ಉಳಿದವರ ಬೆನ್ನು ಹತ್ತುತ್ತದೆ, ಗುಂಪಲ್ಲಿ ಇದ್ದರೆ ತನ್ನಷ್ಟಕ್ಕೆ ಇರುತ್ತದೆ. ಜಿಗಿಯುತ್ತದೆ, ಜಾಲರಿ ಮರೆಯಬೇಡಿ. ಅಷ್ಟೇ. ಹದಿಮೂರನೆಯದು ಬೇಡ.

ಸೇಡಂ_ರೋಡ್
ಡೇನಿಯೊ ಬದಲು ಗಂಡು ಗಪ್ಪಿ ಎಂಟು ಚೆಂದ ಅಲ್ವಾ? ಬಣ್ಣವೂ ಬಣ್ಣ, ಮರಿ ಕಾಟವೂ ಇಲ್ಲ. ಡೇನಿಯೊ ಓಡೋದು ನೋಡಿದರೆ ನನಗೇ ತಲೆ ತಿರುಗುತ್ತದೆ.

ಗಾಜಿನ_ಕೆರೆ
ಬರೀ ಗಂಡು ಗಪ್ಪಿ ಇಡುವುದಾದರೆ ಅದೂ ಸರಿ. ಆದರೆ ಪ್ಲಾಟಿ ಹೆಣ್ಣು ಇದ್ದರೆ ಮರಿ ತಪ್ಪೋದಿಲ್ಲ. ಹೆಣ್ಣು ಮಾತ್ರ ತಂದರೂ ತಪ್ಪೋದಿಲ್ಲ. ಅಂಗಡಿಯಲ್ಲೇ ಕೂಡಿರುತ್ತವೆ, ಒಮ್ಮೆ ಕೂಡಿದ್ದಕ್ಕೆ ತಿಂಗಳುಗಟ್ಟಲೆ ಮರಿ ಹಾಕುತ್ತವೆ.

ಗಂಡು ಗುರುತು: ಹೊಟ್ಟೆ ಕೆಳಗಿನ ಹಿಂದಿನ ರೆಕ್ಕೆ ನೋಡಿ. ಹೆಣ್ಣಿಗೆ ಬೀಸಣಿಗೆ ಹಾಗೆ ಅಗಲ ಇರುತ್ತದೆ, ಗಂಡಿಗೆ ಕಡ್ಡಿ ಹಾಗೆ ಸಣ್ಣಗೆ, ಹಿಂದಕ್ಕೆ ಬಾಗಿರುತ್ತದೆ. ಅಂಗಡಿಯವರು ಬಲೆ ಹಾಕುವ ಮುಂಚೆ ನೀವೇ ಬೆರಳಿಟ್ಟು ತೋರಿಸಿ.

ನೀಲಿ_ಬಾಲ
ಮೋಲಿ ಯಾಕೆ ಬಿಟ್ಟಿರಿ? ಗಡಸು ನೀರಿಗೆ ಅದೇ ಅಲ್ವಾ ಮೊದಲು?

ಗಾಜಿನ_ಕೆರೆ
ನೀರಿಗೆ ಸರಿ, ಜಾಗಕ್ಕೆ ಸಾಲದು. ಮೂರು ನಾಲ್ಕು ಇಂಚು ಬೆಳೆಯುತ್ತದೆ, ತಿನ್ನೋದೂ ಹೊಲಸು ಮಾಡೋದೂ ಜಾಸ್ತಿ.

ಮೇಷ್ಟ್ರು_ನಿವೃತ್ತ
ಇದನ್ನು ಒಪ್ಪೋದಿಲ್ಲ. ಎರಡು ಅಡಿಯಲ್ಲಿ ಮೂರು ಮೋಲಿ ಮಾತ್ರ ಇಟ್ಟು, ಬೇರೆ ಏನೂ ಇಡದೇ ಇದ್ದರೆ ಚೆನ್ನಾಗಿ ನಡೆಯುತ್ತದೆ. ಪಾಚಿ ತಿನ್ನುತ್ತವೆ ಬೇರೆ, ಸಕ್ಕರ್ ಬೇಕಾಗೋದಿಲ್ಲ.

ಗಾಜಿನ_ಕೆರೆ
ಮೂರೇ ಮೀನು ತಂದರೆ ಮಕ್ಕಳು ಬಿಡುತ್ತಾರಾ ಮೇಷ್ಟ್ರೇ?

ಮೇಷ್ಟ್ರು_ನಿವೃತ್ತ
ಮಕ್ಕಳಿಗೆ ಒಂದೆರಡು ತಿಂಗಳು ಕಾಯಲಿಕ್ಕೆ ಹೇಳಿ. ಮೂರು ಮೂವತ್ತಾಗುತ್ತವೆ.

ಬೀದರ್_ಕೋಟೆ
ಹೀಟರ್ ಪ್ರಶ್ನೆಗೆ ಯಾರೂ ಉತ್ತರವೇ ಕೊಟ್ಟಿಲ್ಲ. ಡಿಸೆಂಬರ್, ಜನವರಿ ರಾತ್ರಿ ಕಲಬುರಗಿಯಲ್ಲೂ 15ರ ಹತ್ತಿರ ಇಳಿಯುತ್ತದೆ. ಮನೆ ಒಳಗೆ ಅಷ್ಟು ಇರೋದಿಲ್ಲ, ಆದರೂ ಹಗಲು ರಾತ್ರಿ ಏರಿಳಿತ ಮೀನಿಗೆ ಆಗೋದಿಲ್ಲ, ಮೈಮೇಲೆ ಬಿಳಿ ಚುಕ್ಕೆ ರೋಗ ಬರೋದು ಆಗಲೇ. 50 ವ್ಯಾಟಿನ ಥರ್ಮೋಸ್ಟಾಟ್ ಇರೋ ಹೀಟರ್, 25ಕ್ಕೆ ಇಡಿ. ಬೇಸಿಗೆಯಲ್ಲಿ ತೆಗೆದು ಕಪಾಟಲ್ಲಿ ಇಡಿ.

ಹೊಸ_ಮೀನುಮನೆ
ಊಟಕ್ಕೆ ಏನು? ಅಂಗಡಿಯವರು ಫ್ರೀಜರಲ್ಲಿ ಇಡುವ ಕೆಂಪು ಹುಳದ ಪ್ಯಾಕೆಟ್ ಕೂಡ ಹೇಳಿದರು. ನಮ್ಮ ಮನೆ ಫ್ರಿಜ್‌ಗೆ ಹುಳ ಬಂದರೆ ಮೊದಲು ನಾನು ಹೊರಗೆ.

ತೊಗರಿ_ಬ್ಯಾಳಿ
ನಮ್ಮ ಮನೆಯಲ್ಲೂ ಇದೇ ಗಲಾಟೆ ಆಗಿತ್ತು. ತಮ್ಮ ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದ. ಮುಚ್ಚಳ ತೆಗೆದವರು ನಮ್ಮ ಅಜ್ಜಿ. ಅವತ್ತೇ ಫ್ರಿಜ್ ತೊಳೆದು, ಒಳಗಿದ್ದ ಹಾಲು, ಮೊಸರು, ಹೆಪ್ಪು ಎಲ್ಲ ಚೆಲ್ಲಿ, ತಮ್ಮನಿಗೂ ತಲೆ ಮೇಲೆ ನೀರು ಹಾಕಿಸಿದರು.

ಗಾಜಿನ_ಕೆರೆ
ಬೇಡವೇ ಬೇಡ. ಪ್ಲಾಟಿಗೆ ಒಣ ಕಾಳು ಸಾಕು, ಜೊತೆಗೆ ವಾರಕ್ಕೊಮ್ಮೆ ಬೇಯಿಸಿದ ಹಸಿ ಬಟಾಣಿ ಸಿಪ್ಪೆ ತೆಗೆದು ಚೂರು ಮಾಡಿ, ಇಲ್ಲ ಬೆಂದ ಪಾಲಕ್ ಎಲೆ. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಮನೆಗೆ ಬಂದ ನೆಂಟರ ಕೈಗೆ ಡಬ್ಬಿ ಕೊಡಬೇಡಿ. ಚುರುಮುರಿ, ರೊಟ್ಟಿ ಚೂರು ಹಾಕಿ ನೀರು ಕೆಡಿಸೋದು ಅವರೇ.

ಸೇಡಂ_ರೋಡ್
ಎಲ್ಲಕ್ಕಿಂತ ಮುಖ್ಯವಾದ್ದು: ಇವತ್ತು ನೀರು ತುಂಬಿ ನಾಳೆ ಮೀನು ಬಿಡಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಲ್ಲಿ ನೆಲೆ ನಿಲ್ಲಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ನಡೆಯುತ್ತಿರುವ ಟ್ಯಾಂಕಿನ ಸ್ಪಂಜು ಸಿಕ್ಕರೆ ಬೇಗ ಆಗುತ್ತದೆ. ಮೊದಲು ಮೂರು ಪ್ಲಾಟಿ ಬಿಟ್ಟು, ಅಮೋನಿಯಾ ಕಿಟ್ ಸೊನ್ನೆ ತೋರಿಸುತ್ತಾ ಇದ್ದರೆ ಮಾತ್ರ ಉಳಿದವು. ಆ ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ. ಕ್ಲೋರಿನ್ ಬಿದ್ದರೆ ಬ್ಯಾಕ್ಟೀರಿಯಾ ಹೋಗುತ್ತವೆ. ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ.

ಹೊಸ_ಮೀನುಮನೆ
ನಡೆಯುತ್ತಿರುವ ಟ್ಯಾಂಕಿನ ಸ್ಪಂಜು ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ಕೇಳಬಹುದಾ?

ಗಾಜಿನ_ಕೆರೆ
ಅಂಗಡಿಯದು ಬೇಡ, ರೋಗವೂ ಜೊತೆಗೆ ಬರಬಹುದು.

ಅಪ್ಪನ_ಕೆರೆ_ಪಕ್ಕ
ನಮ್ಮ ನಿಯಾನ್ ಟ್ಯಾಂಕಲ್ಲಿ ಎರಡು ಸ್ಪಂಜು ಇವೆ, ಒಂದು ಕೊಡುತ್ತೇನೆ. ನಿಮ್ಮ ಟ್ಯಾಂಕಿಗೆ ನೀರು ತುಂಬಿ, ಏರ್ ಪಂಪ್ ಓಡಿಸಿ ಇಟ್ಟುಕೊಂಡು ಮೆಸೇಜ್ ಮಾಡಿ. ಸ್ಪಂಜು ಒಣಗಬಾರದು, ಬರುವಾಗ ಮುಚ್ಚಳ ಇರುವ ಡಬ್ಬಿ ತನ್ನಿ. ಸಂಜೆ ಬಿಸಿಲು ಇಳಿದ ಮೇಲೆ ಬಂದರೆ ಒಳ್ಳೆಯದು.

ತೊಗರಿ_ಬ್ಯಾಳಿ
ಐಸ್‌ಕ್ರೀಮ್ ಡಬ್ಬಿ ಬೇಡ ಅಕ್ಕ.